ಸೊಂಟಕ್ಕೆ ಕಟ್ಟಿದ ಹಗ್ಗ

ತುಕಾರಾಮನ ಹರಗೋಲು ಸಿಕ್ಕಿದ್ದು ಬೆಣ್ಣೆತೊರೆಯ ತಿರುವಿನಲ್ಲಿ, ಜಾಲಿಕಂಟಿಗೆ ತಗುಲಿಕೊಂಡು. ಒಳಗೆ ಅವನ ಕಂಬಳಿ ಇತ್ತು, ಹುಟ್ಟು ಇತ್ತು, ರೊಟ್ಟಿ ಕಟ್ಟಿದ್ದ ಅರಿವೆ ಕೂಡ ನೆನೆಯದೆ ಹಾಗೇ ಇತ್ತು. ಅವನು ಮಾತ್ರ ಇರಲಿಲ್ಲ. ಹೆಣ ಆಮೇಲೆ ಕೆಳಗಿನ ಊರಿನವರ ಬಲೆಗೆ ಸಿಕ್ಕಿತು.

ಆ ದಂಡೆಯ ಮೇಲೆ ಅಂಬಿಗರ ಕೆಲವೇ ಗುಡಿಸಲುಗಳಿದ್ದವು. ಕಮಲಾಪುರದ ಕಡೆಯಿಂದ ಕಲಬುರಗಿಗೆ ಹೊರಟವರಲ್ಲಿ ದೊಡ್ಡ ರಸ್ತೆಯ ಸೇತುವೆಗೆ ಸುತ್ತಿ ಹೋಗಲಾರದವರು ಅಲ್ಲಿಗೆ ಬಂದು ಹರಗೋಲು ಹತ್ತುತ್ತಿದ್ದರು. ಬಿದಿರು ಹೆಣೆದ ದೊಡ್ಡ ಬುಟ್ಟಿ, ಅದರ ಹೊರಮೈಗೆ ಎಮ್ಮೆಯ ಚರ್ಮ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ತುಕಾರಾಮ ಅದರಲ್ಲಿ ನಿಂತುಕೊಂಡೇ ಹುಟ್ಟು ಹಾಕುತ್ತಿದ್ದ. ಅಂಬಿಗರ ಗಂಡಸರೆಲ್ಲ ಹಾಗೇ.

“ಗಂಗವ್ವ ತನ್ನ ಮಗನ್ನ ತಾ ಕರ್ಕೊಂಡ್ಳು” ಅಂದರು ಹಿರಿಯರು.

ಹೆಂಡತಿ ಸಾಬಮ್ಮನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅವನಷ್ಟು ಈಜು ಬಲ್ಲವರು ಆ ಹೊಳೆಯ ಮೇಲೆ ಯಾರೂ ಇರಲಿಲ್ಲ. ಹರಗೋಲು ಮಗುಚಿರಲಿಲ್ಲ, ಮಗುಚಿದ್ದರೆ ರೊಟ್ಟಿಯ ಅರಿವೆ ಒಣಗಿ ಇರುತ್ತಿತ್ತೇ? ತಿಂಗಳುಗಟ್ಟಲೆ ಅದನ್ನೇ ಯೋಚಿಸಿ ಅವಳು ಒಂದು ನಿರ್ಧಾರಕ್ಕೆ ಬಂದಳು. ಅವನು ಬಿದ್ದಿದ್ದಾನೆ. ಹಗುರಾದ ಹರಗೋಲನ್ನು ಗಾಳಿ ಹೊಡೆದುಕೊಂಡು ಹೋಗಿದೆ. ಅವನು ದಂಡೆಯ ಕಡೆ ಈಜುವುದನ್ನು ಬಿಟ್ಟು ಅದರ ಬೆನ್ನು ಹತ್ತಿದ್ದಾನೆ. ಜೊತೆಗೆ ಒಬ್ಬ ಇದ್ದಿದ್ದರೆ ಹುಟ್ಟು ಚಾಚುತ್ತಿದ್ದ. ಒಂಟಿ ಹೋದವನಿಗೆ ಹರಗೋಲು ಬಿಟ್ಟರೆ ಬೇರೆ ದಿಕ್ಕಿಲ್ಲ.

ಅವನ ತಮ್ಮ ಪೀರಪ್ಪನಿಗೆ ನೀರೆಂದರೆ ಮೊದಲಿನಿಂದಲೂ ಅಂಜಿಕೆ. ಅವನು ಹೊಲದ ಕೆಲಸಕ್ಕೆ ಹೋಗುತ್ತಿದ್ದ. ಹರಗೋಲು ಹಾಗೇ ಬಿಟ್ಟರೆ ದಾಟಿಸಿದ್ದಕ್ಕೆ ಕೂಲಿಯಾಗಿ ಸುತ್ತಲಿನ ಹಳ್ಳಿಗಳಿಂದ ಸುಗ್ಗಿಗೆ ಬರುವ ಜೋಳ ನಿಲ್ಲುತ್ತದೆ. ಅತ್ತೆ ತುಳಜಾಬಾಯಿಯ ಎದುರು ಕೂತು ಸಾಬಮ್ಮ ಹೇಳಿದಳು:

“ಅತ್ತಿ, ನಾ ನಡಸ್ತೀನಿ. ಖರೇ, ನಿಮ್ಮ ಮಗ ಹೋದಂಗ ನಾ ಹೋಗಂಗಿಲ್ಲ.”

ತುಳಜಾಬಾಯಿ “ನಿನಗ ಏನ್ ಬೇಕು?” ಎಂದು ಕೇಳಿದಳು.

“ಪುಂಡಿನಾರಿನ ಒಂದು ಹಗ್ಗ ಹೊಸೆದು ಕೊಡ್ರಿ.”

ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುವಿನಲ್ಲಷ್ಟೇ ನೀರು ನಿಂತಾಗ ಸಾಬಮ್ಮ ಕಲಿಯಲು ಇಳಿದಳು. ಹಗ್ಗದ ಒಂದು ತುದಿ ಸೊಂಟಕ್ಕೆ, ಇನ್ನೊಂದು ತುದಿ ಹರಗೋಲಿನ ಅಂಚಿಗೆ. ಮೊದಲ ಸಲ ಉದ್ದ ಬಿಟ್ಟಿದ್ದಳು. ಬೇಕೆಂದೇ ಹೊರಗೆ ಹಾರಿದಾಗ ಹಗ್ಗ ಕಾಲಿಗೆ ಸುತ್ತಿ ಅವಳು ಹರಗೋಲಿನ ಅಡಿಗೆ ಹೋದಳು. ತಲೆ ಎತ್ತಿದರೆ ಮೇಲೆ ಚರ್ಮ. ದಂಡೆಯಲ್ಲಿದ್ದ ತುಳಜಾಬಾಯಿ ಸೀರೆಸಹಿತ ನೀರಿಗಿಳಿದು ಎಳೆದಳು. ಮರುದಿನ ಸಾಬಮ್ಮ ಹಗ್ಗವನ್ನು ಮೂರು ಮೊಳಕ್ಕೆ ಇಳಿಸಿದಳು, ಅಂಚು ಬಿಟ್ಟು ತಳದ ದಪ್ಪ ಬಿದಿರಿಗೆ ಕಟ್ಟಿದಳು. ಸೊಂಟಕ್ಕೆ ಒಂದೇ ಎಳೆತಕ್ಕೆ ಬಿಚ್ಚುವಂಥ ಗಂಟು ಹಾಕಿಕೊಂಡಳು.

ಬೀಳದಂತೆ ಇರುವುದಕ್ಕಿಂತ ಬಿದ್ದ ಮೇಲೆ ಹತ್ತುವುದು ಕಷ್ಟ. ಅಂಚು ಹಿಡಿದು ಜೋತರೆ ಬುಟ್ಟಿ ಮೈಮೇಲೇ ವಾಲುತ್ತದೆ. ಎದುರು ಬದಿಗೆ ಭಾರದ ಕಲ್ಲಿಟ್ಟು ನೋಡಿದಳು, ವಾಲುವುದು ಕಡಿಮೆಯಾಯಿತು. ಅದೇ ಹಗ್ಗದ ಉಳಿದ ತುದಿಯನ್ನು ಕುಣಿಕೆ ಮಾಡಿ ಹೊರಗೆ ಇಳಿಬಿಟ್ಟಳು, ಪಾದ ಇಡಲಿಕ್ಕೆ. ಹುಟ್ಟಿಗೂ ಒಂದು ದಾರ ಕಟ್ಟಿದಳು. ನಿಂತು ಹುಟ್ಟು ಹಾಕುವುದನ್ನು ಬಿಟ್ಟೇಬಿಟ್ಟಳು. ಮಂಡಿಯೂರಿ, ಮೊಣಕಾಲು ಬಿದಿರಿಗೆ ಒತ್ತಿಕೊಂಡು ಕೂತೇ ಹಾಕಿದಳು.

ಪೀರಪ್ಪ ದಂಡೆಯಲ್ಲಿ ನಿಂತು ನಗುತ್ತಿದ್ದ. “ಎಮ್ಮಿ ಕಟ್ಟಿದಂಗ ಕಟ್ಕೊಂಡಿಯಲ್ಲ ವೈನಿ!”

“ಕಟ್ಟಿದ ಎಮ್ಮಿ ಸಂಜಿಗಿ ಮನ್ಯಾಗ ಇರ್ತದ ಪೀರಪ್ಪ.”

ಜನ ಕೂತಾಗ ಅವಳು ಹಗ್ಗ ಕಟ್ಟಿಕೊಳ್ಳುತ್ತಿರಲಿಲ್ಲ. ಒಂಟಿ ಬರುವಾಗ ಮಾತ್ರ ಒಂದು ದಿನವೂ ಬಿಡುತ್ತಿರಲಿಲ್ಲ. ಎರಡು ಮಳೆಗಾಲ ಹಾಗೆ ನಡೆಯಿತು.

ಮೂರನೆಯ ಮಳೆಗಾಲ ಬರುವ ಹೊತ್ತಿಗೆ ಜನ ಸಂಜೆಯಾದ ಮೇಲೆ ಹೊರಗೆ ಬರುವುದನ್ನು ಬಿಟ್ಟಿದ್ದರು. ನಿಜಾಮರ ಪರವಾಗಿ ಬಂದೂಕು ಹಿಡಿದ ರಜಾಕಾರರು ಕುದುರೆಯ ಮೇಲೆ, ಲಾರಿಯ ಮೇಲೆ ಹಳ್ಳಿಗಳಿಗೆ ನುಗ್ಗುತ್ತಿದ್ದರು. ಪೀರಪ್ಪನ ಹೆಂಡತಿಯ ತವರು ಸುಟ್ಟುಹೋಯಿತು. ಅವಳ ಅಪ್ಪನನ್ನು ಬೇವಿನ ಮರಕ್ಕೆ ಕಟ್ಟಿ ಹೊಡೆದು ಕೊಂದರು. ಆ ಸುದ್ದಿ ಬಂದ ದಿನದಿಂದ ಪೀರಪ್ಪ ನಗಲಿಲ್ಲ. ಕೊಡಲಿ ಮಸೆದು ತಲೆದೆಸೆಗೆ ಇಟ್ಟುಕೊಂಡು ಮಲಗುತ್ತಿದ್ದ.

ಭಾದ್ರಪದದ ಮಳೆಯಲ್ಲಿ ಹಿಂದೂಸ್ತಾನದ ಫೌಜು ಬಂತು. ನಾಲ್ಕೈದು ದಿನದಲ್ಲಿ ನಿಜಾಮರ ಕೈಯಿಂದ ರಾಜ್ಯ ಹೋಯಿತು ಅಂದರು. ಕಲಬುರಗಿಯ ಕೋಟೆಯ ಹತ್ತಿರ ಫೌಜಿನ ಗಾಡಿಗಳು ನಿಂತಿವೆ ಅಂದರು. ರಜಾಕಾರರು ಬಂದೂಕು ಬಿಸುಟು ಎಲ್ಲೆಲ್ಲೋ ಓಡಿಹೋದರು. ಓಡಲಾರದ ಬಡ ಮುಸಲ್ಮಾನರು ಊರಲ್ಲಿ ಉಳಿದರು: ನೇಕಾರರು, ಪಿಂಜಾರರು, ಮಕ್ಕಳೊಂದಿಗರು. ಕೊಡಲಿಗಳು ಅವರ ಮನೆಗೆ ಹೋದವು. ರಸ್ತೆಯ ಸೇತುವೆಯ ಮೇಲೆ ಗುಂಪು ಕಟ್ಟಿ ನಿಂತವರು ಕಲಬುರಗಿಗೆ ಹೋಗುವವರನ್ನು ನಿಲ್ಲಿಸಿ ಹೆಸರು ಕೇಳುತ್ತಿದ್ದರು. ಪೀರಪ್ಪ ಎರಡು ದಿನದಿಂದ ಮನೆಗೆ ಬಂದಿರಲಿಲ್ಲ.

ಆ ದಿನ ಮಧ್ಯಾಹ್ನ ಮಳೆ ಜೋರಾಗಿತ್ತು. ಗುಡಿಸಲಿನ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತಳು. ಕಂಕುಳಲ್ಲಿ ಕೂಸು. ಮುಸುಕಿನ ತುಂಬ ಕೆಸರು. ಸಾಬಮ್ಮನಿಗೆ ಗುರುತು ಸಿಕ್ಕಿತು. ಕಮಲಾಪುರದ ಟಾಂಗಾವಾಲಾ ಚಾಂದಪಾಶಾನ ಹೆಂಡತಿ ದಿಲ್ಶಾದ್ ಬೇಗಂ. ಸಂತೆಯ ದಿನ ಅಂಬಿಗರ ಹೆಂಗಸರನ್ನು ಅವನು ಎಷ್ಟೋ ಸಲ ಟಾಂಗಾದಲ್ಲಿ ಕೂರಿಸಿಕೊಂಡು ಬಂದಿದ್ದ. ಪೀರಪ್ಪನ ಮದುವೆಯ ದಿಬ್ಬಣಕ್ಕೂ ಅವನದೇ ಟಾಂಗಾ.

“ಅಕ್ಕಾ, ಆ ದಂಡಿಗಿ ಮುಟ್ಟಸ್ರಿ. ಕಲಬುರ್ಗಿ ಶಹಾಬಜಾರದಾಗ ನಮ್ಮ ಭಾಯಿ ಮನಿ ಅದ. ನಮ್ಮ ಮನಿಯವ್ರು ಸವಾರಿ ತಗೊಂಡು ಕಲಬುರ್ಗಿಗಿ ಹೋದವ್ರು ತಿರುಗಿ ಬಂದಿಲ್ಲ. ಅಲ್ಲೇ ಸಿಕ್ಕಿಬಿದ್ದಾರ ಕಾಣ್ತದ. ನಿನ್ನಿ ನಮ್ಮ ಓಣ್ಯಾಗ...” ಅವಳು ಕೂಸಿನ ತಲೆಯ ಮೇಲೆ ಮುಸುಕು ಎಳೆದಳು.

ಸಾಬಮ್ಮ ಹೊಳೆ ನೋಡಿದಳು. ಕೆಂಪು ನೀರು ದಂಡೆಯ ಮುಳ್ಳುಕಂಟಿಗಳನ್ನು ಮುಳುಗಿಸಿ ಹರಿಯುತ್ತಿತ್ತು. ಇಂಥ ನೀರಿನಲ್ಲಿ ತುಕಾರಾಮನೂ ಹರಗೋಲು ಇಳಿಸುತ್ತಿರಲಿಲ್ಲ.

“ಅತ್ತಿ?” ಎಂದಳು.

ತುಳಜಾಬಾಯಿ ಒಲೆಯ ಮುಂದಿನಿಂದ ಏಳಲಿಲ್ಲ. ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ದಿಲ್ಶಾದಳ ಸೆರಗಿಗೆ ಹಾಕಿದಳು. “ಪೀರಪ್ಪ ಬರೂದ್ರಾಗ ಹೋಗ್ರಿ” ಎಂದಳು.

ಕೂಸನ್ನು ಎತ್ತಿಕೊಂಡ ದಿಲ್ಶಾದಳೂ ಸಾಬಮ್ಮನೂ ಹರಗೋಲಿನ ತಳದಲ್ಲಿ ಕೂತರು. ಸಾಬಮ್ಮ ಹೇಳಿದಳು: “ಬೀಬಿ, ಏನೇ ಕಂಡ್ರೂ ಎದ್ದು ನಿಂದ್ರಬ್ಯಾಡ. ಕೂಸಿನ್ನ ಬಗಲಾಗ ಒತ್ತಿ ಹಿಡಿ. ಹರಗೋಲು ತಿರುಗ್ತದ, ತಿರುಗ್ಲಿ. ಅಂಜಿ ಒಂದ್ ಬದಿಗಿ ಸರದ್ರ ಎಲ್ಲಾರೂ ಹೋಗ್ತೇವ.”

ದಿಲ್ಶಾದ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಕೂತಳು. ನಡುಹೊಳೆಯಲ್ಲಿ ಹರಗೋಲು ಗಿರಗಿರನೆ ತಿರುಗಿತು. ಕೂಸು ಅಳುವುದನ್ನು ಕೂಡ ಮರೆತಿತ್ತು. ಆಚೆ ದಂಡೆ ಮುಟ್ಟಿದಾಗ ಅವರು ಹೊರಟ ಜಾಗಕ್ಕಿಂತ ಬಹಳ ಕೆಳಗೆ ಬಂದಿದ್ದರು. ಅಲ್ಲಿ ಬೇರೆ ಹಳ್ಳಿಗಳಿಂದ ತಪ್ಪಿಸಿಕೊಂಡು ಬಂದ ಕೆಲವು ಹೆಂಗಸರು ಹುಣಸೆಮರದ ಕೆಳಗೆ ನಿಂತಿದ್ದರು. ಫೌಜಿನ ಗಾಡಿ ಹಾದುಹೋಗುವ ರಸ್ತೆಯವರೆಗೆ ಜೊತೆಯಾಗಿ ನಡೆಯುತ್ತೇವೆ ಎಂದರು.

ದಿಲ್ಶಾದ್ ಸಾಬಮ್ಮನ ಕೈ ಹಿಡಿದುಕೊಂಡಳು. “ಅವ್ರು ನಮ್ಮನ್ನ ಹುಡುಕ್ಕೋತ ಈ ಕಡಿ ಬಂದ್ರ, ನಾವು ಶಹಾಬಜಾರದಾಗ ಅದೇವಂತ ಹೇಳ್ರಿ ಅಕ್ಕ.”

“ಹೇಳ್ತೀನಿ. ನಡೀ.”

ಈಗ ಹರಗೋಲಿನಲ್ಲಿ ಸಾಬಮ್ಮ ಒಬ್ಬಳೇ. ಅದನ್ನು ದಂಡೆಗುಂಟ ತಮ್ಮ ಗುಡಿಸಲುಗಳಿಗಿಂತ ಮೇಲಕ್ಕೆ ಎಳೆದು ತಂದು, ಅಲ್ಲಿ ಒಂದು ಕಲ್ಲು ಹುಡುಕಿ ಎದುರು ಬದಿಗಿಟ್ಟಳು. ಹಗ್ಗವನ್ನು ಸೊಂಟಕ್ಕೆ ಬಿಗಿದು ಎರಡು ಸಲ ಎಳೆದು ನೋಡಿದಳು. ಕುಣಿಕೆಯನ್ನು ಹೊರಗೆ ಇಳಿಬಿಟ್ಟಳು. ಮಳೆ ಸ್ವಲ್ಪ ಇಳಿದಿತ್ತು, ಗಾಳಿ ಇಳಿದಿರಲಿಲ್ಲ.

ಅರ್ಧ ಹೊಳೆ ದಾಟಿದಾಗ ಮೇಲಿನಿಂದ ಏನೋ ತೇಲಿ ಬಂದು ಹರಗೋಲಿಗೆ ಬಡಿಯಿತು. ಮರದ ತುಂಡು ಎಂದುಕೊಂಡು ಅವಳು ಬಾಗಿ ಹುಟ್ಟಿನಿಂದ ತಳ್ಳಿದಳು. ಅದು ಮೆತ್ತಗಿತ್ತು. ಹೊರಳಿತು. ನೀರಿನಿಂದ ಒಂದು ಕೈ ಮೇಲೆ ಬಂತು.

ಸಾಬಮ್ಮ ಬೆಚ್ಚಿ ಅರ್ಧ ಎದ್ದಳು. ಎರಡು ವರ್ಷ ಒಮ್ಮೆಯೂ ಹೀಗೆ ಎದ್ದವಳಲ್ಲ. ಬುಟ್ಟಿ ಕಾಲಡಿಯಿಂದ ಜಾರಿತು, ಅವಳು ತಲೆಕೆಳಗಾಗಿ ನೀರಿಗೆ ಬಿದ್ದಳು.

ಕಣ್ಣಿಗೆ, ಮೂಗಿಗೆ ಕೆಸರು ನೀರು. ಮೇಲಾವುದು ಕೆಳಗಾವುದು ತಿಳಿಯಲಿಲ್ಲ. ಆಗ ಸೊಂಟಕ್ಕೆ ಕತ್ತರಿಸಿದಂತೆ ಜಗ್ಗಿತು. ಹಗ್ಗ ಅವಳನ್ನು ಹಿಡಿದಿತ್ತು. ತಲೆ ಹೊರಬಂದಾಗ ಕೆನ್ನೆ ಹರಗೋಲಿನ ಚರ್ಮಕ್ಕೆ ಉಜ್ಜುತ್ತಿತ್ತು. ಹೊಳೆ ಅವಳನ್ನೂ ಬುಟ್ಟಿಯನ್ನೂ ಕೂಡಿಯೇ ಒಯ್ಯುತ್ತಿತ್ತು. ಅವಳು ಕೂಗಲಿಲ್ಲ. ಕೂಗಿದರೆ ಕೇಳುವವರು ಯಾರು? ಅಂಚು ಹಿಡಿದು ಕೆಮ್ಮಿದಳು, ಉಸಿರು ಎಳೆದುಕೊಂಡಳು, ಪಾದದಿಂದ ಕುಣಿಕೆ ಹುಡುಕಿದಳು. ಸೀರೆ ಕಾಲಿಗೆ ಸುತ್ತಿತ್ತು. ಮೊದಲ ಸಲ ಪಾದ ಜಾರಿತು. ಮತ್ತೊಮ್ಮೆ ಜಾರಿತು. ತೋಳಿನ ಶಕ್ತಿ ಸೋರಿಹೋಗುತ್ತಿತ್ತು. ತುಕಾರಾಮನಿಗೆ ಕೊನೆಗೆ ಹೀಗೇ ಆಗಿರಬೇಕು ಎಂಬುದು ಅವಳ ಮನಸ್ಸಿಗೆ ಬಂತು. ಅಂಥದ್ದನ್ನು ಯೋಚಿಸುವ ಹೊತ್ತಲ್ಲ ಇದು ಎಂದು ಹಲ್ಲು ಕಚ್ಚಿ ಮತ್ತೆ ಪಾದ ಇಟ್ಟಳು. ಈ ಸಲ ಸಿಕ್ಕಿತು. ಎದೆ ಅಂಚಿನ ಮೇಲೆ ಬಂತು, ಹೊಟ್ಟೆ ಬಂತು, ಆಮೇಲೆ ಬುಟ್ಟಿಯ ತಳಕ್ಕೆ ಮುಖ ಅಡಿಯಾಗಿ ಬಿದ್ದಳು.

ದಾರಕ್ಕೆ ಕಟ್ಟಿದ್ದ ಹುಟ್ಟು ಪಕ್ಕದಲ್ಲೇ ತೇಲುತ್ತಿತ್ತು. ಅದನ್ನು ಎಳೆದುಕೊಳ್ಳಲು ಬಾಗಿದಾಗ ಹೆಣವೂ ಹರಗೋಲಿಗೆ ಆತುಕೊಂಡೇ ಬರುತ್ತಿರುವುದು ಕಂಡಿತು. ಈಗ ಮುಖ ಮೇಲಾಗಿತ್ತು. ಕುತ್ತಿಗೆಯ ಹತ್ತಿರ ಗಾಯ. ಗಡ್ಡದಲ್ಲಿ ಹುಲ್ಲುಕಡ್ಡಿ.

ಚಾಂದಪಾಶಾ.

ಅವನು ಕಲಬುರಗಿಯಲ್ಲಿ ಸಿಕ್ಕಿಬಿದ್ದಿರಲಿಲ್ಲ. ಹೆಂಡತಿ ಮಗಳನ್ನು ಕರೆದೊಯ್ಯಲು ಸೇತುವೆಯ ಮೇಲೆ ಹಾಯ್ದು ಬಂದಿದ್ದ.

ಬಿಟ್ಟರೆ ಹೊಳೆ ಅವನನ್ನು ಕಾಗಿಣಾಕ್ಕೆ ಒಯ್ಯುತ್ತದೆ, ಅಲ್ಲಿಂದ ಭೀಮೆಗೆ. ದಿಲ್ಶಾದ್ ಜೀವ ಇರುವವರೆಗೆ ಬಾಗಿಲು ನೋಡುತ್ತ ಕೂರುತ್ತಾಳೆ. ತುಕಾರಾಮನ ಹೆಣ ಸಿಗುವವರೆಗೆ ತಾನು ಹೇಗೆ ಕೂತಿದ್ದೆ ಎಂಬುದು ಸಾಬಮ್ಮನಿಗೆ ಗೊತ್ತಿತ್ತು. ಆದರೆ ಹೆಣವನ್ನು ಮೇಲಕ್ಕೆ ಎಳೆದರೆ ಬುಟ್ಟಿ ಮಗುಚುತ್ತದೆ. ಕಟ್ಟಿಕೊಂಡು ಹೋಗಬೇಕು. ಇದ್ದದ್ದು ಒಂದೇ ಹಗ್ಗ.

ಅವಳು ಸೊಂಟದ ಗಂಟನ್ನು ಎಳೆದಳು. ಅದು ಬಿಚ್ಚಿತು. ಹೊಟ್ಟೆಯ ಮೇಲೆ ಮಲಗಿ, ಹಗ್ಗವನ್ನು ಅವನ ಕಂಕುಳ ಕೆಳಗೆ ಹಾಯಿಸಿ ಬಿಗಿದಳು. ಅಷ್ಟು ಮಾಡುವುದರಲ್ಲಿ ಮೂರು ಸಲ ನೀರು ಅಂಚು ದಾಟಿ ಒಳಗೆ ಬಂತು.

ಅಲ್ಲಿಂದ ದಂಡೆಯವರೆಗೆ ಅವಳು ಅಂಜಿದಷ್ಟು ಬದುಕಿನಲ್ಲಿ ಮತ್ತೆಂದೂ ಅಂಜಲಿಲ್ಲ. ಒಂದು ಬದಿಗೆ ಭಾರ ಜಗ್ಗುತ್ತಿತ್ತು. ಎದುರು ಬದಿಯ ಕಲ್ಲಿಗೆ ಬೆನ್ನು ಒತ್ತಿ, ಬಿದಿರಿಗೆ ಮೊಣಕಾಲು ಕಚ್ಚಿಸಿ, ತಲೆ ತಗ್ಗಿಸಿ ಹುಟ್ಟು ಹಾಕಿದಳು. ತಮ್ಮ ಗುಡಿಸಲುಗಳು ಪಕ್ಕಕ್ಕೆ ಬಂದು ಹಿಂದೆ ಸರಿದವು. ನಿಲ್ಲಿಸಲಾಗಲಿಲ್ಲ. ಇನ್ನೂ ಕೆಳಗೆ, ಹೊಳೆ ಅಗಲವಾಗಿ ನೀರು ಸಮಾಧಾನವಾಗುವ ಕಡೆ, ಹರಗೋಲು ಮರಳಿಗೆ ತಗುಲಿ ನಿಂತಿತು.

ತುಳಜಾಬಾಯಿ ದಂಡೆಗುಂಟ ಓಡುತ್ತ ಬಂದಳು. ಅವಳ ಹಿಂದೆ ಪೀರಪ್ಪ. ಅವನು ಮನೆಗೆ ಬಂದಿದ್ದ; ಅವ್ವ ಬೊಬ್ಬೆ ಹಾಕಿದ್ದು ಕೇಳಿ ಬೆನ್ನು ಹತ್ತಿ ಬಂದಿದ್ದ. ಹರಗೋಲಿನ ಬದಿಗೆ ಕಟ್ಟಿದ್ದನ್ನು ನೋಡಿದ. ಮುಖ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದ.

“ಹಗ್ಗ ಬಿಚ್ಚು ವೈನಿ. ಹೊಳಿಗಿ ಬಿಡು ಅದನ್ನ.”

“ಅದು ಅನಬ್ಯಾಡ. ಹೆಸರು ಗೊತ್ತದ ನಿನಗ.”

“ನಮ್ಮ ಮಾವನ್ನ ಕೊಂದಾಗ ಯಾರು ಹೆಸರು ಕೇಳಿದ್ರು?”

“ಇವ ಕೊಂದಾನೇನು?” ಸಾಬಮ್ಮ ಮರಳಿನ ಮೇಲೆ ಕೂತಲ್ಲಿಂದಲೇ ಅವನನ್ನು ನೋಡಿದಳು. “ಪೀರಪ್ಪ, ನೀ ಸೇತುವಿ ಮ್ಯಾಗ ಇದ್ದೇನು?”

ಪೀರಪ್ಪ ಹೊಳೆಯ ಕಡೆ ಮುಖ ತಿರುಗಿಸಿದ. ಮಳೆಯ ನೀರು ಅವನ ಮುಖದ ಮೇಲಿಂದ ಇಳಿಯುತ್ತಿತ್ತು. ತುಳಜಾಬಾಯಿ ಮಗನ ಎದುರಿಗೆ ಹೋಗಿ ನಿಂತಳು. ಅವಳು ಅವನ ಎದೆಯವರೆಗೂ ಬರುತ್ತಿರಲಿಲ್ಲ.

“ನಾ ಹೆತ್ತವ್ವ ಕೇಳಾಕತ್ತೀನಿ. ಇದ್ದೇನು?”

“ಮಂದಿ ಭಾಳ ಇತ್ತು ಯವ್ವಾ” ಎಂದ ಅವನು ಕಡೆಗೆ.

ತುಳಜಾಬಾಯಿ ಮಗನಿಂದ ಹಿಂದೆ ಸರಿದಳು. “ಮನ್ಯಾಗ ಸಲಿಕಿ ಅದ. ತಂದ್ ಕೊಟ್ಟು ಹೋಗು” ಎಂದಳು.

ಅವನು ತಂದ. ಮರಳಿನ ಮೇಲೆ ಎಸೆದ. ಸ್ವಲ್ಪ ಹೊತ್ತು ನಿಂತ, ಅಗೆಯಲು ಕೈ ಹಾಕುತ್ತಾನೇನೋ ಎನ್ನುವಂತೆ. ಆಮೇಲೆ ಹೊರಳಿ ಹೊಲದ ದಾರಿ ಹಿಡಿದು ಹೋಗಿಬಿಟ್ಟ.

ಅತ್ತೆ ಸೊಸೆ ಇಬ್ಬರೇ ಹೆಣವನ್ನು ಚಾಪೆಯ ಮೇಲೆ ಎಳೆದುಕೊಂಡು ದಂಡೆಯ ಮೇಲಿನ ಗಟ್ಟಿ ನೆಲಕ್ಕೆ ಒಯ್ದರು. ಹಸಿ ಮಣ್ಣು, ಬೇಗ ಅಗೆದರು. ಸಾಬಮ್ಮ ಹೊಳೆಯ ನೀರಿನಲ್ಲಿ ಅವನ ಮುಖ, ಕೈ, ಕಾಲು ತೊಳೆದಳು. ತುಳಜಾಬಾಯಿ ಪೆಟ್ಟಿಗೆಯಿಂದ ತುಕಾರಾಮನ ಒಗೆದಿಟ್ಟ ಧೋತರ ತಂದಳು, ಅದರಲ್ಲಿ ಸುತ್ತಿದರು. ಕಮಲಾಪುರದ ಗೋರಿಗಳನ್ನು ಸಾಬಮ್ಮ ನೋಡಿದ್ದಳು, ತಲೆ ಉತ್ತರಕ್ಕೆ ಇರುತ್ತದೆ. ಹಾಗೇ ಮಲಗಿಸಿದರು. ಹೇಳಬೇಕಾದ ಮಾತು ಅವರಿಬ್ಬರಿಗೂ ಬರುತ್ತಿರಲಿಲ್ಲ. ತುಳಜಾಬಾಯಿ ಒಂದು ಹಿಡಿ ಮಣ್ಣು ಹಾಕಿ, “ತಪ್ಪಾಗಿದ್ರ ಹೊಟ್ಯಾಗ ಹಾಕ್ಕೋ ಯಪ್ಪಾ” ಎಂದಳು.

ದಾರಿ ಶಾಂತವಾಗಲು ಸುಮಾರು ದಿನ ಹಿಡಿಯಿತು. ಹೊಳೆಯೂ ಇಳಿಯಿತು. ಸಾಬಮ್ಮ ನಸುಕಿನಲ್ಲಿ ಹೊರಟು ನಡೆದು, ನಡುವೆ ಒಂದು ಜೋಳದ ಬಂಡಿ ಹತ್ತಿ ಕಲಬುರಗಿಗೆ ಹೋದಳು. ಕೋಟೆಯ ಹತ್ತಿರ ಸಿಪಾಯಿಗಳು ನಿಂತಿದ್ದರು. ಶಹಾಬಜಾರದ ಸಣ್ಣ ಓಣಿಗಳಲ್ಲಿ ಅರ್ಧ ಅಂಗಡಿಗಳು ಮುಚ್ಚಿದ್ದವು. ದಿಲ್ಶಾದಳ ಅಣ್ಣ ಫಕ್ರುದ್ದೀನ್ ಗಡಿಯಾರ ರಿಪೇರಿಯವನು. ಕೇಳಿದ ಎರಡನೆಯವನೇ ಮನೆ ತೋರಿಸಿದ.

ಬಾಗಿಲು ತೆಗೆದವಳು ದಿಲ್ಶಾದಳೇ. ಸಾಬಮ್ಮನನ್ನು ನೋಡಿದ ಕೂಡಲೇ ಅವಳ ಮುಖ ಅರಳಿತು.

“ಬಂದಿದ್ರಾ ಅಕ್ಕ ಅವ್ರು? ನೀವು ಹೇಳಿದ್ರಾ?”

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದದ್ದೆಲ್ಲ ಸಾಬಮ್ಮನಿಗೆ ಮರೆತುಹೋಯಿತು.

“ಬೀಬಿ, ಕೂಡು” ಎಂದಳು. “ನಿನ್ನ ಬಿಟ್ಟು ತಿರುಗಿ ಹೋಗುವಾಗ ಹೊಳ್ಯಾಗ ಸಿಕ್ಕ. ಜೀವ ಇರ್ಲಿಲ್ಲ. ನಾ ನನ್ನ ಕೈಲೆ ಮಣ್ಣು ಮಾಡೀನಿ.”

ದಿಲ್ಶಾದ್ ಕೂರಲಿಲ್ಲ, ಅಳಲೂ ಇಲ್ಲ. ಗೋಡೆ ಹಿಡಿದು ನಿಂತಳು. ಒಳಗಿನಿಂದ ಫಕ್ರುದ್ದೀನ್ ಬಂದ. ಸಾಬಮ್ಮ ಮೊದಲಿನಿಂದ ಹೇಳಿದಳು: ಗಾಯ ಎಲ್ಲಿತ್ತು, ಹೇಗೆ ತಂದಳು, ಎಲ್ಲಿ ಮಲಗಿಸಿದ್ದಾರೆ.

“ನಹಲಾಯಾ?” ದಿಲ್ಶಾದ್ ಕೇಳಿದಳು. ಆಮೇಲೆ ಕನ್ನಡದಲ್ಲಿ, “ಮೈ ತೊಳದ್ರೇನು?”

“ಮುಖ, ಕೈ, ಕಾಲು. ನಾ ಹೆಣ್ಣು ಹೆಂಗಸು, ಅಷ್ಟೇ ಮಾಡಿದೆ.”

“ಮುಖ ಪಡುವಣಕ್ಕ ಇತ್ತಾ?”

ಸಾಬಮ್ಮ ತಡವರಿಸಿದಳು. ತಲೆಯ ದಿಕ್ಕು ಗೊತ್ತಿತ್ತು, ಮುಖದ ಮಾತು ಗೊತ್ತಿರಲಿಲ್ಲ. “ಮುಖ ಮ್ಯಾಲಿತ್ತು ಬೀಬಿ” ಎಂದಳು. “ನನಗ ತಿಳೀಲಿಲ್ಲ.”

ಆಗ ದಿಲ್ಶಾದ್ ಅತ್ತಳು. ಫಕ್ರುದ್ದೀನ್ ತಂಗಿಯ ತಲೆ ಹಿಡಿದುಕೊಂಡು, “ಅಲ್ಲಾಹ್ ನೋಡ್ಯಾನ ಬೇಟಾ, ಅಂವಗ ಎಲ್ಲಾ ದಿಕ್ಕು ಒಂದೇ” ಎಂದ.

ಸಾಬಮ್ಮ ಏಳಲಿಲ್ಲ. ಇನ್ನೊಂದು ಮಾತು ಉಳಿದಿತ್ತು.

“ಸೇತುವಿ ಮ್ಯಾಗ ಮಂದಿ ಇದ್ರು. ಅವ್ರಾಗ ನನ್ನ ಮೈದುನ ಇದ್ದ. ಕೊಡ್ಲಿ ಯಾರು ಎತ್ತಿದ್ರು ನಾ ನೋಡಿಲ್ಲ. ಅಂವ ಇದ್ದದ್ದು ಮಾತ್ರ ಖರೇ.”

ಕಪಾಟಿನಲ್ಲಿದ್ದ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತ ಟಿಕ್ ಟಿಕ್ ಅನ್ನುತ್ತಿದ್ದವು. ಫಕ್ರುದ್ದೀನ್ ಕೊನೆಗೆ, “ಯಾರಿಗಿ ಹೋಗಿ ಹೇಳೂನು ಇದನ್ನ?” ಎಂದ. ದಿಲ್ಶಾದ್ ಕಣ್ಣೊರೆಸಿಕೊಂಡು ಒಳಗೆ ಹೋಗಿ ನೀರು ತಂದು ಅವಳ ಮುಂದೆ ಇಟ್ಟಳು. ಸಾಬಮ್ಮ ನೀರು ಕುಡಿದು ಎದ್ದಳು.

ಪೀರಪ್ಪನನ್ನು ಯಾರೂ ಏನೂ ಕೇಳಲಿಲ್ಲ. ಆ ಸೇತುವೆಯ ಮೇಲಿದ್ದ ಯಾರನ್ನೂ ಕೇಳಲಿಲ್ಲ. ಅವನು ಅದೇ ದಂಡೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಬಾಳಿದ. ತುಳಜಾಬಾಯಿ ಸೊಸೆಯ ಜೊತೆ ಬೇರೆ ಗುಡಿಸಲಿನಲ್ಲಿ ಒಲೆ ಹೂಡಿದಳು. ಸಾಯುವವರೆಗೂ ಮಗನ ಮನೆಯ ನೀರು ಮುಟ್ಟಲಿಲ್ಲ.

ಚಳಿ ಹುಟ್ಟಿದ ಮೇಲೆ ದಿಲ್ಶಾದ್ ಅಣ್ಣನ ಜೊತೆ ಒಮ್ಮೆ ಬಂದಳು. ಕಮಲಾಪುರದ ಅವರ ಮನೆಯಲ್ಲಿ ಯಾರೋ ಬಂದು ಸೇರಿಕೊಂಡಿದ್ದರು, ಅತ್ತ ಹೋಗಲಿಲ್ಲ. ಹೊಳೆ ಮೊಣಕಾಲಿಗೆ ಇಳಿದಿತ್ತು, ನಡೆದೇ ದಾಟಿದರು. ಫಕ್ರುದ್ದೀನ್ ಮಣ್ಣಿನ ದಿಬ್ಬದ ಮುಂದೆ ನಿಂತು ಓದಬೇಕಾದದ್ದನ್ನು ಓದಿದ. ದಿಲ್ಶಾದ್ ಸುತ್ತ ಬೆಳೆದ ಕಸ ಕೀಳುತ್ತ ಕೂತಳು. ಸಾಬಮ್ಮ ದೂರ ನಿಂತಿದ್ದವಳು ಹತ್ತಿರ ಹೋಗಿ ಇನ್ನೊಂದು ಬದಿಯಿಂದ ಕೀಳತೊಡಗಿದಳು. ಇಬ್ಬರ ಕೈಗೂ ಮುಳ್ಳು ಚುಚ್ಚುತ್ತಿತ್ತು. ಬಿಸಿಲು ಏರುವವರೆಗೆ ಹಾಗೇ ಕೆಲಸ ಮಾಡಿದರು. ಕೂಸು ತುಳಜಾಬಾಯಿಯ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು.